ಲಚ್ಚಿಗಾಗಿ ಉಟ್ಟ ಸೀರೆ

ನನ್ನ ವಯಸ್ಸಿನವರಲ್ಲಿ ಕೆಲವರಿಗೆ ಬಿ.ಪಿ. ಇರುತ್ತದೆ, ಕೆಲವರಿಗೆ ಸಕ್ಕರೆ ಇರುತ್ತದೆ. ನನಗೆ ಛಲ ಇದೆ. ಬಿ.ಪಿ., ಸಕ್ಕರೆಗಳಿಗೆ ಅವು ಇರುವವರೇ ಮಾತ್ರೆ ನುಂಗುತ್ತಾರೆ. ನನ್ನ ಛಲಕ್ಕೆ ತಲೆನೋವಿನ ಮಾತ್ರೆ ನುಂಗುವವಳು ನನ್ನ ಹೆಂಡತಿ ವನಜ. ಕೆಟ್ಟುಹೋದ ಮಿಕ್ಸಿಯನ್ನು ನಾನೇ ರಿಪೇರಿ ಮಾಡುತ್ತೇನೆಂದು ಹಟ ಹಿಡಿದು ಬಿಚ್ಚಿ ಜೋಡಿಸಿದ ಮೇಲೆ ಅದು ಚಟ್ನಿಯನ್ನು ರುಬ್ಬುವುದರ ಜೊತೆಗೆ ಅಡುಗೆಮನೆಯ ಗೋಡೆಗೂ ಬಳಿಯತೊಡಗಿತು. ಐವತ್ತೆರಡನೇ ವಯಸ್ಸಿನಲ್ಲಿ ಈಜು ಕಲಿಯಲು ಹೊರಟು ಒಂದು ತಿಂಗಳಲ್ಲಿ ಈಜುಕೊಳದ ಬಹುಪಾಲು ನೀರು ಕುಡಿದೆನೇ ಹೊರತು ತೇಲಲಿಲ್ಲ. ಆದರೂ, ಹಿಡಿದದ್ದನ್ನು ಬಿಡುವವನಲ್ಲ ಎಂಬ ಹೆಸರು ನನಗೆ ಆಫೀಸಿನಲ್ಲಿತ್ತು. ಒಮ್ಮೆ ಬಿಟ್ಟರೆ ಸಾಕಪ್ಪ ಎಂದು ಉಳಿದವರು ಕಾಯುತ್ತಿದ್ದರೆನ್ನುವುದು ನನ್ನ ಬೀಳ್ಕೊಡುಗೆಯ ದಿನ ಅವರ ಮುಖ ನೋಡಿದಾಗ ತಿಳಿಯಿತು.

ನಿವೃತ್ತನಾಗಿ ಆರು ತಿಂಗಳಿಗೆ ನಾನು ರೈತನಾಗಬೇಕೆಂದು ತೀರ್ಮಾನಿಸಿದೆ. ಇದು ಬರಿಯ ಹುಚ್ಚಲ್ಲ. ಸಹಕಾರನಗರದ ನಮ್ಮ ಮನೆಯ ತಾರಸಿಯ ಮೇಲೆ ಹನ್ನೊಂದು ಕುಂಡಗಳಿವೆ. ಕಳೆದ ವರ್ಷ ಅವುಗಳಲ್ಲಿ ನಾಲ್ಕು ಟೊಮೆಟೊ ಬಿಟ್ಟಿದ್ದವು. ಒಂದೊಂದನ್ನು ಒಂದೊಂದು ಮನೆಗೆ ಕೊಟ್ಟು, ಪ್ರತಿ ಟೊಮೆಟೊ ಜೊತೆ ಸಾವಯವ ಕೃಷಿಯ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ನಾಲ್ಕನೆಯ ಮನೆಯವರು ಒಳಗಿದ್ದೂ ಬಾಗಿಲು ತೆರೆಯಲಿಲ್ಲ. ಈ ಅನುಭವದ ಬಲದ ಮೇಲೆ, ಮನೆಯನ್ನು ಬಾಡಿಗೆಗೆ ಕೊಟ್ಟು, ದೊಡ್ಡಬಳ್ಳಾಪುರ ರಸ್ತೆಯ ಕಡೆ ಅರ್ಧ ಎಕರೆ ತೆಗೆದುಕೊಂಡು, ಎರಡು ಹಸು ಕಟ್ಟಿಕೊಂಡು ಇದ್ದುಬಿಡೋಣ ಎಂದು ವನಜಳಿಗೆ ಹೇಳಿದೆ. ಅವಳು ಹುಟ್ಟಿದ್ದು ಪುಟ್ಟೇನಹಳ್ಳಿಯ ರೈತರ ಮನೆಯಲ್ಲಿ. ಅವಳಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ನಿಂತಿದೆ.

"ಮದುವೆ ಆಗೋವರ್ಗೂ ಸಗಣಿ ಬಾಚಿದ್ದೀನಿ ಕಣ್ರೀ. ನಿಮ್ಮನ್ನ ಒಪ್ಕೊಂಡಿದ್ದೇ ನಿಮ್ಮನೇಲಿ ಹಸು ಇಲ್ಲ ಅಂತ," ಎಂದಳು.

ಮೂವತ್ತೊಂದು ವರ್ಷದ ಮೇಲೆ ಈ ಸಂಗತಿ ತಿಳಿದು ನನಗೆ ಸ್ವಲ್ಪ ಬೇಜಾರಾಯಿತು. ನಾನು ಬೇರೆ ಏನೋ ಕಾರಣ ಇರಬಹುದೆಂದುಕೊಂಡಿದ್ದೆ. ಹದಿನೈದು ದಿನ ಬಿಡದೆ ಪೀಡಿಸಿದ ಮೇಲೆ ಅವಳು ಒಂದು ಷರತ್ತು ಹಾಕಿದಳು. ರಾಜಾನುಕುಂಟೆಯ ಆಚೆ ಅವಳ ಗೆಳತಿಯೊಬ್ಬಳು ಹೋಗಿಬಂದ ಒಂದು ಫಾರ್ಮ್ ಸ್ಟೇ ಇತ್ತು. ಈಜುಕೊಳ, ಉಯ್ಯಾಲೆಗಳ ರೆಸಾರ್ಟ್ ಅಲ್ಲ; ನಿಜವಾಗಿಯೂ ಹೊಲ, ಕೊಟ್ಟಿಗೆ ನಡೆಸುವ ಮನೆ, ಅದರ ಪಕ್ಕದಲ್ಲಿ ಅತಿಥಿಗಳಿಗೊಂದು ಕೋಣೆ. ಅಲ್ಲಿ ಮೂರು ದಿನ ಇದ್ದು ಆ ಮನೆಯವರ ಕೆಲಸವನ್ನೆಲ್ಲ ನಾನು ಮಾಡಬೇಕು. ಮೂರನೆಯ ಸಂಜೆ ಹಾಲು ನಾನೇ ಕರೆದು ಡೈರಿಗೆ ಹಾಕಬೇಕು. "ಹಾಕಿದ್ರೆ ಮಾತಿಲ್ದೆ ನಿಮ್ ಜೊತೆ ಬರ್ತೀನಿ. ಇಲ್ಲಾಂದ್ರೆ ಜಮೀನಿನ ವಿಷ್ಯ ಈ ಮನೇಲಿ ಇನ್ನೊಂದ್ಸಲ ಎತ್ಬಾರ್ದು," ಎಂದಳು. ನಾನು ಒಪ್ಪಿಕೊಂಡೆ.

ದಾರಿಯೇನೂ ಬಹಳವಿಲ್ಲ. ಯಲಹಂಕ ದಾಟಿ, ರಾಜಾನುಕುಂಟೆ ದಾಟಿ, ಎಡಕ್ಕೆ ತಿರುಗಿ, ಲೇಔಟುಗಳ ಕಲ್ಲುಗಳೆಲ್ಲ ಮುಗಿದ ಮೇಲೆ ಮಣ್ಣಿನ ದಾರಿಯಲ್ಲಿ ಇನ್ನೂ ಸ್ವಲ್ಪ ದೂರ. ಅಲ್ಲಿಗೆ ಆಟೋ ಬರುವುದಿಲ್ಲ, ಮನೆಗೆ ತಿಂಡಿ ತರುವ ಹುಡುಗರು ಬರುವುದಿಲ್ಲ, ಮೊಬೈಲಿನ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕ್ ಹತ್ತಬೇಕು. ತಲೆಯ ಮೇಲೆ ಹೋಗುವ ವಿಮಾನದ ಕಿಟಕಿಗಳನ್ನು ಎಣಿಸಬಹುದು, ಆದರೆ ಒಂದು ಬೆಂಕಿಪೊಟ್ಟಣ ಬೇಕಾದರೆ ಅರ್ಧ ಗಂಟೆ ನಡೆಯಬೇಕು. ಮನೆಯ ಯಜಮಾನ ಮುನಿರಾಜಣ್ಣ, ಅವರ ಹೆಂಡತಿ ನಂಜಮ್ಮ. ನಾನು ಕೆಲಸ ಮಾಡಲು ಬಂದಿದ್ದೇನೆಂದು ಹೇಳಿದಾಗ ಮುನಿರಾಜಣ್ಣ, "ಎಲ್ರೂ ಅಂಗೇ ಅಂತಾರೆ ಸಾರ್, ಮೊದ್ಲು ಕಾಫಿ ಕುಡೀರಿ," ಎಂದರು.

ಮೊದಲ ದಿನ ಕೊಟ್ಟಿಗೆ. ನಾನು ಮುಂಜಾಗ್ರತೆಯಿಂದ ರಬ್ಬರ್ ಕೈಗವಸು ತಂದಿದ್ದೆ. ಅದನ್ನು ನೋಡಿ ನಂಜಮ್ಮ ಮುಖ ತಿರುಗಿಸಿಕೊಂಡರು. ಅವರ ಭುಜಗಳು ಅಲುಗುತ್ತಿದ್ದುದರಿಂದ ನಗುತ್ತಿದ್ದಾರೆಂದು ತಿಳಿಯಿತು. ಬಿಚ್ಚಿಟ್ಟು ಬರಿಗೈಯಲ್ಲೇ ಸಗಣಿ ಬಾಚಿ ಮಂಕರಿಗೆ ತುಂಬಿ ತಿಪ್ಪೆಗೆ ಹಾಕಿದೆ. ಮೂರನೆಯ ಮಂಕರಿಯ ಹೊತ್ತಿಗೆ ಗಂಜಲದಲ್ಲಿ ಕಾಲು ಜಾರಿ ತಿಪ್ಪೆಯಲ್ಲೇ ಕುಳಿತೆ. ವನಜ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು, ಒಮ್ಮೆ ನೋಡಿ ಇನ್ನೊಂದು ಕಾಯಿ ಕೈಗೆತ್ತಿಕೊಂಡಳು. ಎರಡನೆಯ ದಿನ ಸೀಮೆಹುಲ್ಲು ಕೊಯ್ಯುವುದು. ಮುನಿರಾಜಣ್ಣ ನಾಲ್ಕು ಹೊರೆ ಕೊಯ್ಯುವಷ್ಟರಲ್ಲಿ ನಾನು ಒಂದು ಹೊರೆ ಹುಲ್ಲನ್ನೂ ಎಡಗೈಯ ಬೆರಳನ್ನೂ ಕೊಯ್ದೆ. ಸೊಂಟ ನೆಟ್ಟಗೆ ಮಾಡಲಾಗದೆ ಸಂಜೆಯವರೆಗೂ ಬಗ್ಗಿಕೊಂಡೇ ಓಡಾಡಿದೆ. ಅತಿಥಿಗಳು ಬಹಳ ವಿನಯವಂತರು ಎಂದು ಪಕ್ಕದ ತೋಟದವರು ಮುನಿರಾಜಣ್ಣನಿಗೆ ಹೇಳಿದರಂತೆ. ಆದರೂ ಬಿಡಲಿಲ್ಲ. ಕೈಗವಸಿನಲ್ಲಿ ನೀರು ತುಂಬಿ, ಬೆರಳುಗಳ ತುದಿಗೆ ಪಿನ್ನಿನಿಂದ ಚುಚ್ಚಿ, ಕಂಬಕ್ಕೆ ಕಟ್ಟಿಕೊಂಡು ಹಾಲು ಕರೆಯುವುದನ್ನು ಅಭ್ಯಾಸ ಮಾಡಿದೆ. ನಂಜಮ್ಮ ಬಂದು ನೋಡಿ, "ಎಬ್ಬೆಟ್ಟು ಮಡಿಸ್ಕಬೇಡಿ ಸಾರ್, ಅಸಕ್ಕೆ ನೋಯ್ತದೆ," ಎಂದು ತಿದ್ದಿದರು. ಎರಡನೆಯ ದಿನದ ಕೊನೆಗೆ ಆ ಕೈಗವಸಿನ ಐದು ಬೆರಳಿನಿಂದಲೂ ನೊರೆ ಬರುವ ಹಾಗೆ ಕರೆಯಬಲ್ಲವನಾಗಿದ್ದೆ.

ಮೂರನೆಯ ದಿನ ಮಧ್ಯಾಹ್ನ ದೊಡ್ಡಬಳ್ಳಾಪುರದಿಂದ ಸುದ್ದಿ ಬಂತು. ನಂಜಮ್ಮನ ಮಗಳನ್ನು ಹೆರಿಗೆಗೆ ಆಸ್ಪತ್ರೆಗೆ ಸೇರಿಸಿದ್ದಾರೆ. ನಂಜಮ್ಮ ಹೊರಟೇಬಿಟ್ಟರು. ಆಗಲೇ ನನಗೆ ಗೊತ್ತಾದದ್ದು, ಅವರ ಲಚ್ಚಿ ಎಂಬ ಸೀಮೆಹಸು ನಂಜಮ್ಮನಿಗಲ್ಲದೆ ಇನ್ನಾರಿಗೂ ಹಾಲು ಬಿಡುವುದಿಲ್ಲ ಎಂದು. ಹಾಲು ಕೊಡುತ್ತಿದ್ದದ್ದು ಅದೊಂದೇ, ಇನ್ನೊಂದು ಗಬ್ಬವಾಗಿತ್ತು. ನಾನು ದಿಕ್ಕುತೋಚದೆ ನಿಂತಿದ್ದರೆ ಮುನಿರಾಜಣ್ಣ ಆರಾಮವಾಗಿ ಹೇಳಿದರು: "ಅದ್ಕೇನ್ ಸಾರ್, ಅವಳ್ ಸೀರೆ ಸುತ್ಕಂಡು ನಾನೇ ಕರೀತೀನಿ. ಅವಳು ಊರಿಗ್ ಓದಾಗೆಲ್ಲ ಇಂಗೇ ಮಾಡೋದು. ಸೀರೆ ವಾಸ್ನೆ ಸಿಕ್ರೆ ಸಾಕು, ಆಲು ಬಿಡ್ತದೆ."

ಜಗುಲಿಯಿಂದ ವನಜ ನನ್ನನ್ನೇ ನೋಡುತ್ತಿದ್ದಳು. ಮೂರು ದಿನದ ತಿಪ್ಪೆ, ಹುಲ್ಲು, ಕೊಯ್ದ ಬೆರಳು ಎಲ್ಲವೂ ನೀರುಪಾಲಾಗುವುದನ್ನು ನೋಡಿಕೊಂಡು ಸುಮ್ಮನಿರುವ ಜಾತಿಯವನು ನಾನಲ್ಲ. "ಸೀರೆ ನಾನು ಉಡುತ್ತೇನೆ," ಎಂದೆ.

ಕೊಟ್ಟಿಗೆಯ ಗೂಟಕ್ಕೆ ನಂಜಮ್ಮನ ಹಳೆಯ ನೇರಳೆ ಸೀರೆ ನೇತುಹಾಕಿತ್ತು. ಅದಕ್ಕೆ ಬೂಸಾ, ಹೊಗೆ, ಹಾಲು, ಬೆವರು ಎಲ್ಲ ಸೇರಿದ ವಾಸನೆ. ನನ್ನ ಟ್ರ್ಯಾಕ್ ಪ್ಯಾಂಟಿನ ಮೇಲೆ ವನಜಳೇ ಅದನ್ನು ಉಡಿಸಿದಳು. "ಹೊಟ್ಟೆ ಒಳಗೆಳ್ಕೊಳ್ರೀ," ಎಂದು ನೆರಿಗೆ ಸಿಕ್ಕಿಸಿ, ತಲೆಯ ಮೇಲೆ ಸೆರಗು ಹೊದಿಸಿದಳು. ಅವಳು ನಕ್ಕಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ, ನಗಲಿಲ್ಲ. ಮುನಿರಾಜಣ್ಣ ನನ್ನ ಸುತ್ತ ಒಂದು ಸುತ್ತು ಬಂದು, "ಇನ್ನೊಸಿ ಕೆಳಗೆ ಬರ್ಲಿ ಅಮ್ಮಾ, ನಮ್ಮೋಳು ಕಾಲು ಕಾಣಂಗೆ ಉಡಲ್ಲ," ಎಂದು ಗಂಭೀರವಾಗಿ ಹೇಳಿದರು. ನಿವೃತ್ತ ಸೀನಿಯರ್ ಸೂಪರಿಂಟೆಂಡೆಂಟ್ ಆದ ನಾನು ಸೀರೆಯನ್ನು ಇನ್ನೂ ಸ್ವಲ್ಪ ಇಳಿಸಿಕೊಂಡೆ.

"ಒಂದೇ ಮಾತು," ಎಂದಳು ವನಜ. "ಬಾಯಿ ಬಿಡ್ಬೇಡಿ. ಕೆಮ್ಮಬೇಡಿ ಕೂಡ. ಹಸುಗೆ ವಾಸ್ನೆನೂ ಗೊತ್ತಾಗುತ್ತೆ, ದನೀನೂ ಗೊತ್ತಾಗುತ್ತೆ."

ಕುಕ್ಕರಗಾಲಿನಲ್ಲಿ ಕೂತೆ. ಬಕೆಟ್ಟನ್ನು ಮಂಡಿಗಳ ನಡುವೆ ಇಟ್ಟುಕೊಂಡು, ಕೆಚ್ಚಲು ತೊಳೆದು, ಬೆರಳಿಗೆ ಹರಳೆಣ್ಣೆ ಸವರಿಕೊಂಡು, ಹೆಬ್ಬೆಟ್ಟು ಮಡಿಸದೆ ಹಿಡಿದೆ. ಲಚ್ಚಿ ಕತ್ತು ತಿರುಗಿಸಿ ಸೆರಗನ್ನು ಮೂಸಿತು. ಒಂದು ಕ್ಷಣ ಯೋಚಿಸಿತು. ಆಮೇಲೆ ಬೂಸಾಕ್ಕೆ ಬಾಯಿ ಹಾಕಿತು, ಮತ್ತು ಬಕೆಟ್ಟಿನ ತಳಕ್ಕೆ ಮೊದಲ ಧಾರೆ ಬಿತ್ತು. ನನ್ನ ಜೀವನದಲ್ಲಿ ಎರಡು ಪ್ರಮೋಷನ್ ಸಿಕ್ಕಿವೆ. ಎರಡರಲ್ಲೂ ಅಂಥ ಸಂತೋಷವಾಗಿರಲಿಲ್ಲ. ತಳ ಮುಚ್ಚಿತು, ಬೆರಳುದ್ದ ಏರಿತು, ಗೇಣುದ್ದಕ್ಕೆ ಬಂತು. ನೊರೆ ಎದ್ದಿತು. ಇನ್ನು ಹತ್ತು ನಿಮಿಷ ಸುಮ್ಮನಿದ್ದರೆ ಅರ್ಧ ಎಕರೆ ನನ್ನದು. ಆದರೆ ಗೆಲ್ಲುತ್ತಿರುವಾಗ ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

"ನೋಡಿದ್ಯಾ ವನಜಾ," ಎಂದೆ.

ಲಚ್ಚಿ ಮೇಯುವುದನ್ನು ನಿಲ್ಲಿಸಿತು. ನಿಧಾನವಾಗಿ ತಿರುಗಿ, ಸೆರಗಿನ ಒಳಗಿದ್ದ ನನ್ನ ಮುಖ ಮತ್ತು ಮೀಸೆಯನ್ನು ನೋಡಿತು. ಆಮೇಲಿನದನ್ನು ನಾನು ಸರಿಯಾಗಿ ನೋಡಲಿಲ್ಲ, ಏಕೆಂದರೆ ಬಕೆಟ್ಟು ಒಂದು ಕಡೆಗೂ ನಾನು ಇನ್ನೊಂದು ಕಡೆಗೂ ಬಿದ್ದಿದ್ದೆವು. ಹಾಲೆಲ್ಲ ಗಂಜಲದ ಕಾಲುವೆ ಸೇರಿತ್ತು. ಡೈರಿ ಮುಚ್ಚಲು ಮುಕ್ಕಾಲು ಗಂಟೆಯಿತ್ತು, ಹಸುವಿನ ಕೆಚ್ಚಲಲ್ಲಿ ಇನ್ನೂ ಹಾಲಿತ್ತು.

"ಬಿಚ್ಚಿ ಕೊಡಿ," ಎಂದಳು ವನಜ. ನನ್ನ ಮೈಯಿಂದ ಸೀರೆ ಎಳೆದುಕೊಂಡು ಚೂಡಿದಾರದ ಮೇಲೆ ಸುತ್ತಿಕೊಂಡು, ಬಕೆಟ್ಟು ತೊಳೆದು ಕೂತಳು. ಹಸುವಿನ ಹೊಟ್ಟೆಗೆ ಹಣೆ ಆನಿಸಿ, "ಓಗ್ಲಿ ಬುಡವ್ವ, ಅವ್ರಿಗ್ ಅಷ್ಟೇಯ ಬುದ್ಧಿ. ಬುಡು ತಾಯಿ, ಬುಡು," ಎಂದಳು. ಆ ಮಾತು ನನ್ನ ವನಜಳದಲ್ಲ, ಮದುವೆಗೆ ಮುಂಚಿನ ಯಾವುದೋ ಪುಟ್ಟೇನಹಳ್ಳಿಯ ಹುಡುಗಿಯದು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ನನ್ನ ಕಿವಿಗೆ ಬಿದ್ದಿರಲಿಲ್ಲ. ನಂಜಮ್ಮನದೇ ದನಿಯೆಂದುಕೊಂಡಿತೋ ಏನೋ, ಲಚ್ಚಿ ಹಾಲು ಬಿಟ್ಟಿತು. ಎರಡೂ ಕೈಯಿಂದ, ನೋಡದೆಯೇ, ಒಂದೇ ಸಮನೆ ಕರೆದಳು. ಅವಳ ಕಣ್ಣಲ್ಲಿ ನೀರಿತ್ತು. ಹಸು, ಹೊಲ ಎಂದು ನಾನು ಇಷ್ಟು ದಿನ ಬಡಬಡಿಸಿದೆನಲ್ಲ, ನಿನಗೆ ಅದೆಲ್ಲ ನೆನಪಾಗುತ್ತದೆಯೇ ಎಂದು ಒಂದು ಸಲವಾದರೂ ಇವಳನ್ನು ಕೇಳಿದೆನೇ? ನನಗೆ ನಿಜವಾಗಿಯೂ ನಾಚಿಕೆಯಾಯಿತು. ಕ್ಯಾನು ಹಿಡಿದು ಅವಳೇ ಡೈರಿಗೆ ನಡೆದಳು, ನಾನು ಹಿಂದೆ ಕುಂಟುತ್ತ ಹೋದೆ.

ಮರುದಿನ ಬೆಳಿಗ್ಗೆ ನಂಜಮ್ಮನಿಗೆ ಮೊಮ್ಮಗಳು ಹುಟ್ಟಿದ ಸುದ್ದಿ ಕೇಳಿ, ಸಿಹಿ ತಿಂದು ಹೊರಟೆವು. ಕಾರಿನಲ್ಲಿ ನಾನು ದೊಡ್ಡ ಮನಸ್ಸು ಮಾಡಿ, "ಸೋತೆ ಕಣೆ. ಇನ್ನು ಜಮೀನಿನ ಸುದ್ದಿ ಎತ್ತಲ್ಲ," ಎಂದೆ. ನಿಜ ಹೇಳಬೇಕೆಂದರೆ, ಆ ಮಾತು ಹೇಳಿದ ಕೂಡಲೇ ನನ್ನ ಸೊಂಟ, ಮಂಡಿ, ಬೆರಳುಗಳೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟವು. ನಲ್ಲಿಯಲ್ಲಿ ಬಿಸಿನೀರು ಬರುವ ನಮ್ಮ ಮನೆ, ಬೆಳಿಗ್ಗೆ ಗೇಟಿಗೆ ಬಂದು ಬೀಳುವ ಹಾಲಿನ ಪ್ಯಾಕೆಟ್ಟು, ಒದೆಯದ ಹನ್ನೊಂದು ಕುಂಡಗಳು ಕಣ್ಣ ಮುಂದೆ ಬಂದು ಮನಸ್ಸು ಹಗುರವಾಯಿತು.

ಯಲಹಂಕದವರೆಗೆ ವನಜ ಅಂಗೈ ಮೂಸಿ ನೋಡಿಕೊಳ್ಳುತ್ತಿದ್ದಳು. ಆಮೇಲೆ, "ಸೋತಿದ್ದು ನೀವು, ನಾನಲ್ಲ. ಹಾಲು ಡೈರಿಗೆ ಬಿತ್ತಲ್ವಾ? ಅರ್ಧ ಎಕರೆ ಸಾಲಲ್ಲ, ಒಂದೆಕರೆ ನೋಡೋಣ. ಮುನಿರಾಜಣ್ಣನಿಗೆ ಹೇಳಿ ಬಂದಿದ್ದೀನಿ," ಎಂದಳು.

ಈಗ ದಿನವೂ ಅವಳ ಫೋನಿಗೆ ಯಾರದೋ ಜಮೀನಿನ ಫೋಟೊ ಬರುತ್ತದೆ. ನನ್ನ ತೀರ್ಮಾನವೇನೋ ಆಗಿಹೋಗಿದೆ: ಯಾರು ಏನೇ ಹೇಳಲಿ, ಸಹಕಾರನಗರ ಬಿಟ್ಟು ನಾನು ಒಂದು ಹೆಜ್ಜೆಯೂ ಕದಲುವುದಿಲ್ಲ. ಈ ವಿಷಯದಲ್ಲಿ ನಾನು ಬಂಡೆಯಷ್ಟು ಗಟ್ಟಿ. ವನಜಳಿಗೆ ಇನ್ನೂ ಹೇಳಿಲ್ಲ ಅಷ್ಟೆ. ಭಾನುವಾರ ಜಾಗ ನೋಡಲು ಆರು ಗಂಟೆಗೇ ಹೊರಡಬೇಕಂತೆ. ಐದಕ್ಕೆ ಅಲಾರಂ ಇಟ್ಟಿದ್ದೇನೆ.