ಬಾಳೆಲೆ ಕೇಕಿನ ಎಡಬಲ

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಯಾವುದಾದರೂ ವಿದ್ಯೆ ಅರ್ಧಂಬರ್ಧ ಬರುತ್ತಿದ್ದರೆ ಅದನ್ನು ಸ್ನೇಹಿತರ ಕಣ್ಣಿಗೆ ಬೀಳದಂತೆ ಬಚ್ಚಿಟ್ಟುಕೊಳ್ಳಿ. ಪೂರ್ತಿ ಬಲ್ಲವರಿಗೆ ಅಪಾಯವಿಲ್ಲ. ಅವರ ಹತ್ತಿರ ಹೋಗಲು ಜನ ಹಿಂಜರಿಯುತ್ತಾರೆ. ಅರ್ಧ ಬಲ್ಲವನ ಮನೆಗಾದರೆ "ನಿನಗೇನು ಮಾರಾಯ, ನೀರು ಕುಡಿದ ಹಾಗೆ" ಎನ್ನುತ್ತ ಚಪ್ಪಲಿ ಸಮೇತ ನುಗ್ಗುತ್ತಾರೆ. ಮುಂಬಯಿಯ ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರಿಗೆ ಹೋಮಿಯೋಪತಿ ಸ್ವಲ್ಪ ಬರುತ್ತದೆ. ಪಾಪ, ಅವರು ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದು ಎಷ್ಟೋ ಕಾಲವಾಯಿತು. ಲಿಫ್ಟಿನಲ್ಲಿ ಸಿಕ್ಕವರೆಲ್ಲ ನಾಲಿಗೆ ಚಾಚಿ ತೋರಿಸುತ್ತಾರಂತೆ. ನನಗೆ ಬರುವುದು ಕೇಕು.

ವಿಮಾ ಕಚೇರಿಯಲ್ಲಿ ಕುಳಿತು ಜನರ ಕ್ಲೇಮುಗಳಲ್ಲಿ ಹುಳುಕು ಹುಡುಕಿ ಹೊಟ್ಟೆ ಹೊರೆಯುವ ನಾನು ಈ ಸಕ್ಕರೆಯ ಲೋಕಕ್ಕೆ ಬಂದದ್ದು ಸ್ವಂತ ಆಸೆಯಿಂದಲ್ಲ. ಮದುವೆಯಾದ ದಿನದ ನೆನಪಿಗೆಂದು ಒಂದು ವರ್ಷ ಹೆಂಡತಿ ವಿನಯಾಗೆ ಓವನ್ ತಂದುಕೊಟ್ಟೆ. ಅವಳು ಡಬ್ಬಕ್ಕೆ ಒಂದು ಸುತ್ತು ಬಂದು, "ಇದು ನನಗೆ ಗಿಫ್ಟೋ, ಅಡುಗೆಮನೆಗೆ ಗಿಫ್ಟೋ?" ಎಂದಳು. "ನಿನಗೇ" ಎಂದೆ. "ಹಾಗಾದ್ರೆ ನಿಮ್ಮ ಹುಟ್ಟುಹಬ್ಬಕ್ಕೆ ನಾನೊಂದು ಇಸ್ತ್ರಿಪೆಟ್ಟಿಗೆ ತರ್ತೇನೆ. ಮನೆಯವರ ಬಟ್ಟೆಯೆಲ್ಲ ನೀವೇ ಖುಷಿಯಲ್ಲಿ ತಿಕ್ಕಬಹುದು" ಎಂದಳು. ಆ ಓವನ್ನನ್ನು ಅವಳು ಇವತ್ತಿನವರೆಗೆ ಮುಟ್ಟಿಲ್ಲ. ತಂದ ತಪ್ಪಿಗೆ ನಾನೇ ಮುಟ್ಟಿದೆ. ಮೊದಲನೆಯ ಕೇಕು ಕತ್ತರಿಸಲು ತೆಂಗಿನಕಾಯಿ ಒಡೆಯುವ ಕತ್ತಿ ಬೇಕಾಯಿತು. ಎರಡನೆಯದು ನಡುವೆ ಕುಸಿದು, ಸಾಂಬಾರಿಗೆಂದು ಗುಂಡಿ ತೋಡಿದ ಅನ್ನದಂತೆ ಕೂತಿತ್ತು. ಕ್ರಮೇಣ ಕೈ ಪಳಗಿತು, ಹೆಸರು ಹಬ್ಬಿತು, ನೆಮ್ಮದಿ ಹೋಯಿತು.

ಯಾಕೆಂದರೆ ಈಗ ಸಾದಾ ಕೇಕು ಯಾರಿಗೂ ಬೇಡ. ಹಲ್ಲಿನ ಡಾಕ್ಟರ್ ಗೆಳೆಯನಿಗೆ ದವಡೆಯ ಆಕಾರದ ಕೇಕು ಬೇಕು. ಮಾಡಿಕೊಟ್ಟರೆ, "ಬುದ್ಧಿಹಲ್ಲು ಇಡಲೇ ಇಲ್ಲವಲ್ಲೋ" ಎಂದು ದೂರುತ್ತಾನೆ. ಲೋಕಲ್ಲಿನಲ್ಲೇ ಆಯುಷ್ಯ ಸವೆಸಿ ನಿವೃತ್ತನಾದವನಿಗೆ, ಆಶ್ಚರ್ಯ ನೋಡಿ, ಲೋಕಲ್ ಟ್ರೇನಿನದೇ ಕೇಕು ಬೇಕು. ಅದರೊಳಗೆ ಇಡಲೆಂದು ಸಕ್ಕರೆಯ ಗೊಂಬೆಗಳನ್ನು ಮಾಡಿದ್ದೆ. ಜಾಗ ಸಾಲದೆ ಅರ್ಧದಷ್ಟನ್ನು ಪ್ಲಾಟ್‌ಫಾರ್ಮಿನ ಮೇಲೆ ಬಿಟ್ಟೆ. ನೋಡಿದವರೆಲ್ಲ "ಎಷ್ಟು ಸಹಜವಾಗಿ ಬಂದಿದೆ!" ಎಂದು ಹೊಗಳಿದರು. ಹೊಗಳಿಕೆಗೆ ಸೋಲದ ಮನುಷ್ಯ ನಾನಲ್ಲ. ಸುಧಾಕರ ಫೋನು ಮಾಡಿದಾಗಲಂತೂ ಹೊಗಳಿಕೆಗೂ ಕಾಯದೆ ಸೋತೆ.

ಸುಧಾಕರ ನನ್ನ ಬಾಲ್ಯದ ಗೆಳೆಯ. ಆಂಟಾಪ್ ಹಿಲ್ಲಿನ ಕ್ವಾರ್ಟರ್ಸಿನಲ್ಲಿ ಅವರದು ನಮ್ಮ ಎದುರು ಬಾಗಿಲು. ನಾನು ಶಾಲೆಯಲ್ಲಿ ಕನ್ನಡ ಓದಿದವನಲ್ಲ. ಕಲಿತದ್ದೆಲ್ಲ ನನ್ನ ಅಜ್ಜಿಯಿಂದ ಮತ್ತು ಸುಧಾಕರನ ತಾಯಿ ಗಿರಿಜಮ್ಮನಿಂದ. ಹಾಗಾಗಿ ನನಗೆ ತಿಂಡಿಗಳ ಹೆಸರು ಮತ್ತು ಬೈಗುಳ ಮಾತ್ರ ಸ್ಪಷ್ಟವಾಗಿ ಬರುತ್ತವೆ, ಉಳಿದದ್ದನ್ನು ಆಮೇಲೆ ಜೋಡಿಸಿಕೊಂಡೆ. ಆ ಗಿರಿಜಮ್ಮನಿಗೆ ಈಗ ಎಂಬತ್ತು. ಗಂಡ ತೀರಿಕೊಂಡ ಮೇಲೆ ಆಕೆ ಯಾವ ಶುಭಕಾರ್ಯದಲ್ಲೂ ಮುಂದಿನ ಸಾಲಿಗೆ ಬಂದವರಲ್ಲ. ಕರೆದರೆ ಹೋಗಿ ಹಿಂದೆ ಗೋಡೆಗೆ ಒರಗಿ ಕೂತು, ಊಟದ ಹೊತ್ತಿಗೆ ಎದ್ದು ಬರುವವರು.

"ಕಾಲು ಹಿಡಿಯುವುದೊಂದು ಬಾಕಿ ಇತ್ತು ಮಾರಾಯ" ಎಂದ ಸುಧಾಕರ. "ಎಂಬತ್ತರ ಹುಟ್ಟುಹಬ್ಬಕ್ಕೆ ಅಮ್ಮ ಕೊನೆಗೂ ಒಪ್ಪಿದ್ಲು. ನಮ್ಮ ವಡಾಲದ ಸೊಸೈಟಿ ಹಾಲಿಗೆ ಇಳಿದು ಬಂದು ಒಂದು ಗಂಟೆ ನಡುವೆ ಕೂತ್ಕೊಳ್ತಾಳಂತೆ. ಸ್ವಲ್ಪ ಆಚೀಚೆ ಆದ್ರೂ ವಾಪಸ್ ಮೇಲೆ ಹೋಗಿ ಬಾಗಿಲು ಹಾಕ್ಕೊಳ್ತಾಳೆ, ನಿಂಗೆ ಗೊತ್ತುಂಟಲ್ಲ. ಕೇಕು ಮಾತ್ರ ತರಬಾರದಂತೆ. ಅದು ಊಟವೂ ಅಲ್ಲ, ತಿಂಡಿಯೂ ಅಲ್ಲ ಅಂತಾಳೆ. ನನ್ನ ಮಗಳು ಕೇಕು ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ."

"ಊಟದ ಹಾಗೇ ಕಾಣುವ ಕೇಕು ಮಾಡಿದರೆ?" ಎಂದೆ. ನೋಡಿ, ಯಾರೂ ಕೇಳಿರಲಿಲ್ಲ. ನಾನೇ ಹೋಗಿ ಗುಂಡಿಗೆ ಹಾರಿದೆ.

ಬಾಳೆಲೆಯ ಮೇಲೆ ಬಡಿಸಿದ ಊಟ. ಕೇಳಲು ಸುಲಭ. ಮಾಡಲು ಕೂತಾಗ, ಹುಟ್ಟಿದಂದಿನಿಂದ ಎಲೆಯ ಮೇಲೆ ಉಂಡಿದ್ದರೂ ಉಪ್ಪು ಯಾವ ಮೂಲೆಯಲ್ಲಿರುತ್ತದೆಂದು ನನಗೆ ಗೊತ್ತಿಲ್ಲ ಎಂಬುದು ಗೊತ್ತಾಯಿತು. ಕಣ್ಣು ಯಾವಾಗಲೂ ಪಾಯಸ ತರುವವನ ಮೇಲೆ. ವಿನಯಾ ತಲೆ ಚಚ್ಚಿಕೊಂಡು ಒಂದು ಹಾಳೆಯ ಮೇಲೆ ಎಲ್ಲವನ್ನೂ ಬರೆದುಕೊಟ್ಟಳು. ಎಲೆಯ ತುದಿ, ಅಂದರೆ ನಮ್ಮ ಕಡೆಯವರ ಮಾತಿನಲ್ಲಿ ಕೊಡಿ, ಉಣ್ಣುವವರ ಎಡಕ್ಕೆ. ಎಡಗಡೆ ಮೇಲೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ. ಬಲಕ್ಕೆ ಹೋಗುತ್ತ ಪಲ್ಯ. ಅನ್ನ ಕೆಳಗೆ, ಉಣ್ಣುವವರ ಹತ್ತಿರ. ಮರುದಿನ ಬೆಳಿಗ್ಗೆಯೇ ಅವಳು ಹೂ ಕಟ್ಟಲೆಂದು ವಡಾಲಕ್ಕೆ ಹೊರಟುಹೋದಳು.

ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ. ಚಿತ್ರವನ್ನು ನೇರವಾಗಿ ಕೇಕಿನ ಮೇಲೆ ಬರೆದು ಕೈ ನಡುಗಿದರೆ ಕೇಕೇ ಹಾಳು. ಅದಕ್ಕೆ ಬಟರ್ ಪೇಪರಿನ ಮೇಲೆ ಕ್ರೀಮಿನಲ್ಲಿ ಚಿತ್ರ ಬರೆದು, ಫ್ರೀಜರಿನಲ್ಲಿ ಕಲ್ಲಿನ ಹಾಗೆ ಗಟ್ಟಿ ಮಾಡಿ, ಕೇಕಿನ ಮೇಲೆ ಬೋರಲು ಹಾಕಿ ಕಾಗದ ಸುಲಿಯುವುದು. ವಿನಯಾಳ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಗೆರೆಯೂ ತಪ್ಪದಂತೆ ಬರೆದೆ. ಮಗುಚಿದೆ. ಸುಲಿದೆ. ಎಲೆಯ ನರಗಳೂ ಎದ್ದು ಬಂದವು. ಚಿತ್ರ ತೋರಿಸಿದ ಜಾಗದಲ್ಲಿ ಬಿಳಿ ಚಾಕೊಲೇಟಿನ ತುರಿಯ ಅನ್ನ ಹಾಕಿ, ಅದರ ಮೇಲೆ ಸುಟ್ಟ ಸಕ್ಕರೆಯ ಸಾರು ಬಿಟ್ಟೆ. ಹಸಿರು ಸಕ್ಕರೆಯನ್ನು ಕೊಚ್ಚಿ ಬೀನ್ಸ್ ಪಲ್ಯ, ಕೇಸರಿ ಬಣ್ಣದ್ದನ್ನು ತುರಿದು ಕ್ಯಾರೆಟ್ ಕೋಸಂಬರಿ, ಸ್ಟ್ರಾಬೆರಿ ಜಾಮಿನ ಉಪ್ಪಿನಕಾಯಿ. ನನ್ನ ಕಲೆಗೆ ನನಗೇ ಹಸಿವಾಯಿತು. ಟ್ಯಾಕ್ಸಿಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಪ್ರತಿ ಹಳ್ಳಕ್ಕೂ "ಧೀರೇ, ಧೀರೇ" ಎಂದು ಕೂಗಿದೆ. ಚಾಲಕ ಕೊನೆಗೆ "ಸಾಬ್, ಆಪ್ ಹೀ ಚಲಾ ಲೋ" ಎಂದು ಸ್ಟಿಯರಿಂಗ್ ಬಿಟ್ಟುಕೊಡಲು ಸಿದ್ಧನಾದ.

ಸೊಸೈಟಿ ಹಾಲಿನಲ್ಲಿ ಕೇಕಿನ ಡಬ್ಬದ ಮುಚ್ಚಳ ತೆಗೆದಾಗ ಮೊದಲು ಬಗ್ಗಿ ನೋಡಿದವರು ಗಿರಿಜಮ್ಮನ ತಂಗಿ ರುಕ್ಮಿಣಿ ಚಿಕ್ಕಮ್ಮ. ನಾನು ಹೊಗಳಿಕೆಗೆ ಮುಖ ಸಿದ್ಧಮಾಡಿಕೊಂಡು ನಿಂತಿದ್ದೆ.

"ಅಯ್ಯೋ ರಾಮ! ಕೊಡಿ ಬಲಕ್ಕೆ!" ಎಂದರು ಚಿಕ್ಕಮ್ಮ.

ಕಾಗದವನ್ನು ಬೋರಲು ಹಾಕಿದರೆ ಅಡಿ ಮೇಲಾಗುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಎಡ ಬಲವಾಗುತ್ತದೆ ಎಂಬುದು ಹೊಳೆದಿರಲೇ ಇಲ್ಲ. ನಮ್ಮವರಲ್ಲಿ ಎಲೆಯ ಕೊಡಿ ಬಲಕ್ಕೆ ಇರುವುದು ಒಂದೇ ಊಟದಲ್ಲಿ: ಸತ್ತವರ ತಿಥಿಯಲ್ಲಿ. ಎಂಬತ್ತು ತುಂಬಿದ ಮುದುಕಿಗೆ ನಾನು ಮುಲುಂಡಿನಿಂದ ಜೋಪಾನವಾಗಿ ಹೊತ್ತು ತಂದ ಉಡುಗೊರೆ ಆಕೆಯದೇ ಶ್ರಾದ್ಧದ ಎಲೆ.

"ತಿರುಗಿಸಿದ್ರೆ ಆಯ್ತಲ್ಲ" ಎಂದು ಸುಧಾಕರ ಕೇಕನ್ನು ಅರ್ಧ ಸುತ್ತು ತಿರುಗಿಸಿದ.

"ಈಗ ಅನ್ನ ಗೋಡೆ ಕಡೆ ಹೋಯ್ತು, ಉಪ್ಪು ಹೊಟ್ಟೆ ಹತ್ರ ಬಂತು. ಇದು ಯಾವ ಊರಿನ ಕ್ರಮ?" ಎಂದರು ಚಿಕ್ಕಮ್ಮ. ಮತ್ತೆ ತಿರುಗಿಸಿದೆವು. ಅಡ್ಡಲಾಗಿ ಇಟ್ಟು ನೋಡಿದೆವು. ಎಷ್ಟು ತಿರುಗಿಸಿದರೂ ಎಲೆ ಸೆಟೆದುಕೊಂಡೇ ಇತ್ತು.

"ನಾನು ಬರೆದುಕೊಟ್ಟದ್ದನ್ನು ಕನ್ನಡಿಯಲ್ಲಿ ನೋಡಿಕೊಂಡು ಮಾಡಿದ್ರಾ?" ಎಂದಳು ವಿನಯಾ ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದರೆ ನನಗೆ ಹೆಚ್ಚು ಭಯ.

"ಕೊಡಿಯನ್ನೇ ಕತ್ತರಿಸಿಬಿಡುವಾ" ಎಂದ ಸುಧಾಕರ ಬೆವರೊರೆಸುತ್ತ.

"ಚೆಂದ ಉಂಟು! ಎಂಬತ್ತಕ್ಕೆ ತುದಿ ಕತ್ತರಿಸುವುದಾ?" ಎಂದರು ಚಿಕ್ಕಮ್ಮ.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಗಿರಿಜಮ್ಮ ಮೊಮ್ಮಗಳ ಕೈ ಹಿಡಿದು ಬಂದರು. ಹೊಸ ಸೀರೆ, ಮುಡಿಗೆ ಹೂವಿಲ್ಲದಿದ್ದರೂ ಮುಖದಲ್ಲಿ ಸಂಕೋಚದ ಒಂದು ಕಳೆ. "ಅಜ್ಜೀ, ದೇಖೋ ನಾ, ನಿಮ್ಮ ಊಟ!" ಎಂದು ಹುಡುಗಿ ಮೇಜಿನತ್ತ ಎಳೆದಳು. ಗಿರಿಜಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ಸುಧಾಕರಾ, ಇದು ಯಾರ ತಿಥಿ?"

ಗಿರಿಜಮ್ಮ ಸೆರಗು ಹೊದ್ದುಕೊಂಡು ಲಿಫ್ಟಿನ ಕಡೆಗೆ ತಿರುಗಿದರು. ಹೇಗೋ ನನಗೆ ಬಾಯಿ ಬಂತು. "ಗಿರಿಜಮ್ಮ, ಅವನದೇನೂ ಇಲ್ಲ. ಮಾಡಿದ್ದು ನಾನು. ಕಾಗದ ಮಗುಚಿದಾಗ ಎಡ ಬಲ ಆಗಿಹೋಯ್ತು."

"ನೀನಾ ಮಾಣಿ?" ತಲೆ ನರೆತ ನನ್ನನ್ನು ಈ ಮುಂಬಯಿಯಲ್ಲಿ ಮಾಣಿ, ಅಂದರೆ ಹುಡುಗ, ಎಂದು ಕರೆಯುವವರು ಅವರೊಬ್ಬರೇ. "ಹಾಗೆ ಹೇಳು. ಅಂಗಿಯನ್ನು ಒಳಹೊರಗೆ ಹಾಕ್ಕೊಂಡು ಶಾಲೆಗೆ ಹೋಗ್ತಿದ್ದವನು ನೀನು." ಮತ್ತೆ ಮೇಜಿನ ಹತ್ತಿರ ಬಂದರು. ಬೆರಳು ಚಾಚಿ, "ಈ ಹಸಿರು ಎಂತದ್ದು?" ಎಂದರು.

"ಬೀನ್ಸ್ ಪಲ್ಯ."

"ಇದು?"

"ಕ್ಯಾರೆಟ್ ಕೋಸಂಬರಿ."

"ರುಕ್ಮಿಣೀ, ನಮ್ಮಲ್ಲಿ ತಿಥಿಗೆ ಬೀನ್ಸು, ಕ್ಯಾರೆಟ್ಟು ಮಾಡ್ಲಿಕ್ಕುಂಟಾ?"

"ಛೆ, ಛೆ! ಇಂಗ್ಲಿಷ್ ತರಕಾರಿ ತಿಥಿಗೆ ಆಗ್ಲಿಕ್ಕೇ ಇಲ್ಲ. ಪಿತೃಗಳು ಮೂಸಿಯೂ ನೋಡುವುದಿಲ್ಲ."

"ಮತ್ತೆ ಇದು ತಿಥಿ ಹೇಗಾಗ್ತದೆ?" ಗಿರಿಜಮ್ಮ ಎಲ್ಲರ ಮುಖವನ್ನೂ ಒಮ್ಮೆ ನೋಡಿದರು. "ಈ ಮಾಣಿಗೆ ತಿಥಿ ಮಾಡ್ಲಿಕ್ಕೂ ಸರಿಯಾಗಿ ಬರುವುದಿಲ್ಲ. ಇದು ಹುಟ್ಟಿದಹಬ್ಬವೇ. ಕುರ್ಚಿ ತನ್ನಿ."

ನಟ್ಟನಡುವೆ ಕುರ್ಚಿ ಬಂತು. ಮೊಮ್ಮಗಳು ಚೂರಿ ಕೊಡಲು ಹೋದರೆ, "ಊಟದ ಎಲೆಗೆ ಯಾರಾದ್ರೂ ಚೂರಿ ಹಾಕ್ತಾರಾ?" ಎಂದು ಗದರಿ, ಬಲಗೈಯಲ್ಲಿ ಅನ್ನಕ್ಕೆ ಸಾರು ಕಲಸಿ, ಅಡಿಯ ಕೇಕನ್ನೂ ಸೇರಿಸಿ, ಒಂದು ತುತ್ತು ಬಾಯಿಗಿಟ್ಟರು. ಅವರು ಸಾವಕಾಶವಾಗಿ ಪಲ್ಯ ನೋಡಿದರು, ಉಪ್ಪಿನಕಾಯಿ ನೆಕ್ಕಿದರು.

"ಅನ್ನ ಸಿಹಿ, ಸಾರು ಸಿಹಿ, ಉಪ್ಪಿನಕಾಯಿಯೂ ಸಿಹಿ" ಎಂದರು. "ಪಾಯಸವನ್ನು ಊಟದ ಮೊದಲೇ ಬಡಿಸಿದ ಹಾಗಾಯ್ತು. ಇರಲಿ, ಚೆನ್ನಾಗುಂಟು. ಇನ್ನು ಊಟ ಯಾವಾಗ?"

ಒಂದು ಗಂಟೆಗೆಂದು ಇಳಿದು ಬಂದವರು ಕೊನೆಯ ನೆಂಟರನ್ನು ಬೀಳ್ಕೊಡುವವರೆಗೂ ಆ ಕುರ್ಚಿ ಬಿಡಲಿಲ್ಲ. ಬಂದವರಿಗೆಲ್ಲ ನನ್ನನ್ನು ತೋರಿಸಿ, "ನನ್ನ ತಿಥಿ ಎಲೆ ನನಗೇ ತಿನ್ನಿಸಿದ ಮಾಣಿ" ಎಂದು ಪರಿಚಯ ಮಾಡಿಕೊಟ್ಟರು. ಹೇಳುವಾಗಲೆಲ್ಲ ನಕ್ಕರು. ಅವರು ಅಷ್ಟು ನಕ್ಕದ್ದನ್ನು ಕಂಡು ಸುಧಾಕರ ಕೈತೊಳೆಯುವ ನೆಪದಲ್ಲಿ ಹೊರಗೆ ಹೋಗಿ ಬಂದ. ಮನೆಗೆ ಮರಳುವಾಗ ನಾನು, ಇನ್ನು ಈ ಸಾಹಸವೆಲ್ಲ ಸಾಕು, ಓವನ್ನನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದೆ. ವಿನಯಾ ಮೊದಲ ಬಾರಿಗೆ ನನ್ನ ಮಾತನ್ನು ತಕ್ಷಣ ಒಪ್ಪಿದಳು.

ಮೊನ್ನೆ ಫೋನು ಬಂತು. ಆ ದಿನ ಹಾಲಿನಲ್ಲಿದ್ದ ನೆಂಟರಲ್ಲಿ ಒಬ್ಬರು. ದನಿ ತಗ್ಗಿಸಿ ಮಾತಾಡಿದರು. "ನಮ್ಮ ಮಾವನವರ ವರ್ಷಾಂತಿಕ ಬಂತು. ಮಕ್ಕಳು ತಿಥಿ ಊಟ ಮುಟ್ಟುವುದೇ ಇಲ್ಲ ಮಾರಾಯ್ರೇ. ನೀವು ಆ ಬಲಗಡೆಯ ಕೇಕು ಮಾಡ್ತೀರಲ್ಲ, ಅದೊಂದು ಆಗಬಹುದಾ ಅಂತ."

ನನಗೆ ಮೈಯೆಲ್ಲ ಉರಿಯಿತು. ಇದಕ್ಕೂ ಒಂದು ಮಿತಿ ಬೇಡವೇ? ಹಿರಿಯರ ಕಾರ್ಯವೆಂದರೆ ತಮಾಷೆಯೇ? ನಾನೇನು ಶ್ರಾದ್ಧದ ಅಡುಗೆಯವನೇ? ಹೇಳಬೇಕಾದ ಮಾತುಗಳೆಲ್ಲ ಸಾಲಾಗಿ ನಿಂತವು. ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ.

"ಎಷ್ಟು ಕೇಜಿ ಬೇಕಿತ್ತು?" ಎಂದು ಕೇಳಿದೆ.