ಹೇಳಬಾರದ ಹೆಸರಿನ ಬೀಗ

ಹೆಪ್ಪು ಕೇಳಿಕೊಂಡು ಬಂದವರನ್ನು ಬರಿಗೈಲಿ ಕಳಿಸಿದವಳು ನಾನಲ್ಲ. ಚಾಮರಾಜಪುರಂನ ಈ ಬೀದಿಗೆ ಸೊಸೆಯಾಗಿ ಬಂದ ದಿನದಿಂದ ಹೆಪ್ಪು, ಕರಿಬೇವು, ಅರ್ಧ ನಿಂಬೆಹಣ್ಣು, ಏಣಿ, ಕೇಳಿದ್ದನ್ನೆಲ್ಲ ಕೊಟ್ಟಿದ್ದೇನೆ. (ಏಣಿ ಇನ್ನೂ ವಾಪಸು ಬಂದಿಲ್ಲ.) ಹೀಗಿರುವಾಗ ಎದುರುಮನೆಯ ಪುಟ್ಟಲಿಂಗಮ್ಮ ಫೋನು ಹಿಡಿದುಕೊಂಡು ಬಂದು, "ಭಾಗ್ಯಕ್ಕ, ನಿಮ್ಮ ವೈಫೈ ಒಂಚೂರು ಕೊಡ್ತೀರಾ? ನಮ್ಮ ಡೇಟಾ ಮಧ್ಯಾಹ್ನಕ್ಕೇ ಮುಗಿದೋಗ್ತದೆ" ಎಂದರೆ ಇಲ್ಲ ಅನ್ನಲು ಬಾಯಿ ಬರುತ್ತದೆಯೇ? ಒಂದು ಚಮಚ ಹೆಪ್ಪು ಕೊಟ್ಟರೆ ನಮ್ಮ ಮೊಸರೇನು ಕಡಿಮೆಯಾಗುವುದಿಲ್ಲ. ಇದೂ ಹಾಗೇ ಅಂದುಕೊಂಡೆ. ಹಾಗಲ್ಲ ಎಂದು ಹೇಳಿಕೊಡುವವರು ಆಗ ಯಾರೂ ಮನೆಯಲ್ಲಿರಲಿಲ್ಲ.

ನನಗೆ ಇಂಗ್ಲಿಷ್ ಬಾರದು. ನನ್ನ ವಿದ್ಯಾಭ್ಯಾಸ ಮೂರನೇ ಕ್ಲಾಸಿನಲ್ಲೇ ಸಾಂಗವಾಗಿ ಸಂಪನ್ನಗೊಂಡಿತು. ಪಾಸ್‌ವರ್ಡು ವೈಫೈ ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿದೆ ಎಂಬುದು ಮಾತ್ರ ಗೊತ್ತಿತ್ತು. ಟಿವಿ ಪಕ್ಕದಲ್ಲಿ ಹಸಿರು ದೀಪ ಮಿಣುಕಿಸುತ್ತ ಕೂತಿದ್ದ ಪೆಟ್ಟಿಗೆಯನ್ನು ಎತ್ತಿ, ಎಳೆಮಗುವನ್ನು ಬೋರಲು ಹಾಕುವ ಹಾಗೆ ತಿರುಗಿಸಿ, "ನೀವೇ ನೋಡ್ಕೊಳಿ ಕಣಮ್ಮ" ಎಂದು ಹಿಡಿದೆ. ಮರುದಿನ ಪಕ್ಕದ ಮನೆಯ ಮಾಲಾ ಬಂದಳು. ಆಮೇಲೆ ಮೂಲೆಮನೆಯ ನಂಜುಂಡಯ್ಯ ಮೇಷ್ಟರು ಕನ್ನಡಕ ಒರೆಸಿಕೊಳ್ಳುತ್ತ ಬಂದರು. ತಿರುಗಿಸಿ ತಿರುಗಿಸಿ ನನ್ನ ಕೈಗೂ ಅಭ್ಯಾಸವಾಯಿತು, ಪೆಟ್ಟಿಗೆಗೂ ಅಭ್ಯಾಸವಾಯಿತು.

ಸೊಸೆ ಮಂಜುಶ್ರೀ ಗಣಿತದಲ್ಲಿ ಎಂಎಸ್ಸಿ ಮಾಡಿದವಳು. ಮಗು ಹುಟ್ಟಿದ ಮೇಲೆ ಆ ಸರ್ಟಿಫಿಕೇಟು ಬೀರುವಿನಲ್ಲಿ ನನ್ನ ಮದುವೆ ಸೀರೆಯ ಕೆಳಗೆ ಮಲಗಿಬಿಟ್ಟಿತ್ತು. ಈಗ ಯಾವುದೋ ಊರಿನ ಮಕ್ಕಳಿಗೆ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಲೆಕ್ಕ ಹೇಳಿಕೊಡುವ ಕೆಲಸವೊಂದು ಸಿಗುವ ಹಾಗಿತ್ತು. ಸೋಮವಾರ ಹತ್ತು ಗಂಟೆಗೆ ಕೆಲಸ ಕೊಡುವವರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಚೆನ್ನಾಗಿ ಮಾಡಿದರೆ ಕೆಲಸ ಅವಳದು. ಹುಡುಗಿ ಆ ವಾರವೆಲ್ಲ ಒಗ್ಗರಣೆ ಹಾಕುವಾಗಲೂ ಬಾಯಲ್ಲಿ ಭಿನ್ನರಾಶಿ ಗುಣಿಸುತ್ತಿದ್ದಳು.

ಆದರೆ ಅಭ್ಯಾಸಕ್ಕೆಂದು ಕೂತರೆ ನೆಟ್ಟು ಗಾಣದ ಎತ್ತಿನ ಹಾಗೆ ಸುಮ್ಮನೆ ಸುತ್ತುತ್ತಿತ್ತು. ಮಗ ಯೋಗೇಂದ್ರ ಫೋನಿನಲ್ಲಿ ಏನೋ ಒತ್ತಿ ನೋಡಿ ನನ್ನ ಮುಂದೆ ಬಂದು ನಿಂತ.

"ಅಮ್ಮ, ನಮ್ಮನೇಲಿರೋದು ನಾಲ್ಕು ಫೋನು. ಇಲ್ಲಿ ಹದಿನೇಳು ತೋರಿಸ್ತಿದೆ."

"ಹದಿನೇಳಾ? ನಾನು ಹತ್ತೋ ಹನ್ನೊಂದೋ ಅಂದ್ಕೊಂಡಿದ್ದೆ ಕಣೋ."

ಮಂಜುಶ್ರೀ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಳು. "ಅತ್ತೆ, ನೀವು ಮನೆ ಬೀಗದಕೈನ ಬೀದಿಗೆಲ್ಲ ಹಂಚಿಬಿಟ್ಟಿದ್ದೀರ."

"ಕೇಳಿದೋರಿಗೆ ಇಲ್ಲ ಅನ್ನೋದು ಹೆಂಗಮ್ಮ?"

"ಹೊಸ ಪಾಸ್‌ವರ್ಡ್ ಹಾಕ್ಬಿಡೋಣ," ಎಂದ ಯೋಗೇಂದ್ರ.

"ಹಾಕಿ ಏನು ಪ್ರಯೋಜನ ರೀ? ನಾಳೆ ಬೆಳಿಗ್ಗೆ ಯಾರಾದ್ರೂ ಕೇಳ್ತಾರೆ, ಅತ್ತೆ ಹೇಳ್ತಾರೆ." ಹಾಗೆಂದವಳು ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು. "ಅತ್ತೆ ಬಾಯಲ್ಲಿ ಬರದೇ ಇರೋ ಮಾತು ಒಂದೇ ಒಂದಿದೆ. ಮಾವನ ಹೆಸರು."

ಅದು ನಿಜ. ನಾನು ಯಜಮಾನರ ಹೆಸರು ಹೇಳುವವಳಲ್ಲ. ಹೇಳಿದರೆ ಅವರ ಆಯಸ್ಸು ತಗ್ಗುತ್ತದೆ ಎಂದು ನಮ್ಮತ್ತೆ ಹೆದರಿಸಿದ್ದರು. ಆಸ್ಪತ್ರೆಯಲ್ಲಿ, ರೇಷನ್ ಅಂಗಡಿಯಲ್ಲಿ ಕೇಳಿದಾಗಲೆಲ್ಲ ಪಕ್ಕದಲ್ಲಿದ್ದವರ ಕೈಲಿ ಹೇಳಿಸಿ ಪಾರಾಗಿದ್ದೇನೆ. ಇಂಥ ಗಟ್ಟಿ ಬೀಗ ಯಾವ ಅಂಗಡಿಯಲ್ಲಿ ಸಿಕ್ಕೀತು? ಇಂಗ್ಲಿಷಿನಲ್ಲಿ ಬರೆದರೆ ಅಕ್ಷರಗಳೂ ಬೇಕಾದಷ್ಟಿವೆ ಎಂದು ಯೋಗೇಂದ್ರ ಒಪ್ಪಿದ.

ಯಜಮಾನರು ಪೇಪರಿನ ಹಿಂದಿನಿಂದಲೇ, "ಇಷ್ಟು ವರ್ಷಕ್ಕೆ ನನ್ನ ಹೆಸರು ಯಾವುದಕ್ಕಾದ್ರೂ ಉಪಯೋಗಕ್ಕೆ ಬಂತಲ್ಲ" ಎಂದರು.

"ಸುಮ್ನಿರಿ ನೀವು," ಎಂದೆ.

ಬೆಳಗಾಗುತ್ತಲೇ ಪುಟ್ಟಲಿಂಗಮ್ಮ ಹಾಜರು. "ಭಾಗ್ಯಕ್ಕ, ನೆಟ್ಟು ಹೋಗ್ಬುಟ್ಟದೆ."

"ಬದಲಾಯಿಸಿದಾರೆ ಕಣಮ್ಮ."

"ಏನಂತೆ ಹೊಸದು?"

"ನಂಗೆ ಗೊತ್ತಿಲ್ಲ ಅಂತಲ್ಲ, ಗೊತ್ತು. ಆದ್ರೆ ಬಾಯ್ಬಿಟ್ಟು ಹೇಳೋ ಹಂಗಿಲ್ಲ. ಹೇಳಬಾರದು."

ಅವರು ನನ್ನನ್ನು ನೋಡಿದರು, ನಮ್ಮ ಗೇಟನ್ನು ನೋಡಿದರು. "ಹಂಗಾ. ಹೋಗ್ಲಿ ಬುಡಿ, ಹೇಳ್ಬೇಡಿ. ಒಳ್ಳೇದಲ್ಲ" ಎಂದು ತಣ್ಣಗೆ ಹೊರಟುಹೋದರು. ಮಾಲಾಗೂ ಮೇಷ್ಟರಿಗೂ ಅದೇ ಮಾತು ಹೇಳಿದೆ. ಒಬ್ಬರೂ ಮುಖ ಗಂಟುಹಾಕಲಿಲ್ಲ, ಎರಡನೇ ಸಲ ಕೇಳಲಿಲ್ಲ. ಎಂಥ ದೊಡ್ಡ ಮನಸ್ಸಿನ ಜನ ಎಂದುಕೊಂಡೆ. ಇಂಥವರಿಗೆ ಇಲ್ಲ ಅಂದೆನಲ್ಲ ಎಂಬ ಸಂಕಟ ಬೇರೆ.

ಆ ಸಂಕಟಕ್ಕೇ ಭಾನುವಾರ ಸಂಜೆ ಪುಟ್ಟಲಿಂಗಮ್ಮನನ್ನು ಕರೆದು ಕಾಫಿ ಕೊಟ್ಟೆ. "ನಾಳೆ ಹತ್ತು ಗಂಟೆಗೆ ನಮ್ಮ ಹುಡುಗಿ ಪಾಠ ಮಾಡಿ ತೋರಿಸ್ಬೇಕು. ನೀವೂ ದೇವರಲ್ಲಿ ಒಂದು ಮಾತು ಕೇಳ್ಕೊಳಿ ಪುಟ್ಟಲಿಂಗಮ್ಮ."

"ಯೋಚ್ನೆ ಬುಡಿ. ನಾಳೆ ಸೋಮವಾರ ಬೇರೆ. ಎಲ್ಲಾರ್ಗೂ ಹೇಳ್ತೀನಿ."

ಸೋಮವಾರ ಮಂಜುಶ್ರೀ ನೀಲಿ ರೇಷ್ಮೆ ಸೀರೆ ಉಟ್ಟು, ಕೋಣೆಯ ಕಲೆಬಿದ್ದ ಗೋಡೆಗೆ ಬೆಡ್‌ಶೀಟು ಕಟ್ಟಿ ಕೂತಳು. ಕೆಮ್ಮಬಾರದು ಎಂದು ಯಜಮಾನರನ್ನು ಮಹಡಿಗೆ ಗಡೀಪಾರು ಮಾಡಿದ್ದಾಯಿತು. ಯೋಗೇಂದ್ರ ಕೆಲಸಕ್ಕೆ, ಮಗು ಸ್ಕೂಲಿಗೆ. ಯಾರೋ ಪುಣ್ಯಾತ್ಮರು ಸೋಮವಾರ ಸೋಮವಾರ ಈಶ್ವರನ ಅಭಿಷೇಕವನ್ನು ಗುಡಿಯಿಂದ ನೇರವಾಗಿ ಫೋನಿಗೆ ತೋರಿಸುತ್ತಾರೆ. ನಾನು ಅದನ್ನು ಹಚ್ಚಿ, ಹುಡುಗಿಗೆ ತೊಂದರೆಯಾಗದಿರಲೆಂದು ಶಬ್ದ ಪೂರ್ತಿ ತಗ್ಗಿಸಿ, ದೇವರಮನೆಯಲ್ಲಿ ದೀಪದ ಪಕ್ಕಕ್ಕಿಟ್ಟು ಕೈ ಮುಗಿದು ಕೂತೆ. ನನ್ನಿಂದ ಆಗುವ ಸಹಾಯ ಅಷ್ಟೇ ತಾನೆ.

ಕೋಣೆಯಿಂದ ಮಂಜುಶ್ರೀಯ ದನಿ ಬಂತು. "ಒಂದು ರೊಟ್ಟಿನ ನಾಲ್ಕು ಸಮಭಾಗ ಮಾಡಿದ್ರೆ..." ಆಮೇಲೆ, "ಸರ್, ಕೇಳಿಸ್ತಿದೆಯಾ?" ಆಮೇಲೆ ಬರೀ "ಹಲೋ, ಹಲೋ."

ಈ ವಯಸ್ಸಿನಲ್ಲಿ ನನ್ನ ಕಣ್ಣು, ಮಂಡಿ, ಹಲ್ಲು ಎಲ್ಲವೂ ರಾಜೀನಾಮೆ ಕೊಟ್ಟಿವೆ, ಕಿವಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಮಾಲಾಳ ಕಿಟಕಿಯಿಂದ ಶಂಖ ಕೇಳಿಸಿತು. ಒಂದು ಉಸಿರಿನಷ್ಟು ತಡವಾಗಿ ಅದೇ ಶಂಖ ಎದುರುಮನೆಯಿಂದ. ಇನ್ನೊಂದು ಉಸಿರಿಗೆ ಮೇಷ್ಟರ ಮನೆಯಿಂದ. ಅರ್ಚಕರು ಮಂತ್ರದ ನಡುವೆ ಒಮ್ಮೆ ಕೆಮ್ಮಿದರು. ಮಾಲಾಳ ಮನೆಯಲ್ಲಿ ಕೆಮ್ಮಿದರು, ಪುಟ್ಟಲಿಂಗಮ್ಮನ ಮನೆಯಲ್ಲಿ ಕೆಮ್ಮಿದರು, ಮೇಷ್ಟರ ಮನೆಯಲ್ಲೂ ಕೆಮ್ಮಿದರು. ಮೂರು ಮನೆಯಲ್ಲೂ ನೆಟ್ಟು ಓಡುತ್ತಿದೆ ಎಂದಾಯಿತು.

ಚಪ್ಪಲಿ ಮೆಟ್ಟದೆ ಬೀದಿ ದಾಟಿದೆ. ಪುಟ್ಟಲಿಂಗಮ್ಮ ಫೋನನ್ನು ಕುಂಕುಮದ ಭರಣಿಗೆ ಒರಗಿಸಿ ಕೈ ಮುಗಿದು ಕೂತಿದ್ದರು.

"ಬನ್ನಿ ಭಾಗ್ಯಕ್ಕ, ಹಾಲಿನ ಅಭಿಷೇಕ ನಡೀತದೆ. ಮಂಜುಶ್ರೀ ಹೆಸರಲ್ಲಿ ಇಡೀ ಬೀದೀನೇ ನೋಡ್ತಾ ಕೂತದೆ."

"ಯಾವ ನೆಟ್ಟಲ್ಲಿ?"

"ನಿಮ್ಮದೇ ಅಲ್ವಾ."

"ಪಾಸ್‌ವರ್ಡ್ ಯಾರು ಹೇಳಿದ್ರು ನಿಮಗೆ?"

"ನೀವೇ ಕಣಕ್ಕ. ಗೊತ್ತು, ಆದ್ರೆ ಬಾಯ್ಬಿಟ್ಟು ಹೇಳಬಾರದು ಅಂದ್ರಿ. ನಮ್ಮಂಥೋರು ಬಾಯ್ಬಿಟ್ಟು ಹೇಳಬಾರದ್ದು ಇನ್ನೇನದೆ? ನಾನೂ ಒಬ್ಬರ ಹೆಸರು ಹೇಳ್ದೆ ಸಂಸಾರ ಮಾಡ್ತಿಲ್ವಾ? ನಮ್ಮ ಮೊಮ್ಮಗಳು ಸಿಂಚನ ನಿಮ್ಮ ಗೇಟಿನ ಬೋರ್ಡ್ ನೋಡ್ಕೊಂಡು ಬೆಟ್ಟಯ್ಯ ಅಂತ ಒತ್ತಿದ್ಲು, ಬಂದ್ಬುಡ್ತು. ಮಾಲಾಗೂ ಮೇಷ್ಟರಿಗೂ ನಾವು ಹೇಳ್ಲೇ ಇಲ್ಲ, ಅವರೂ ಹಂಗೇ ಕಂಡ್ಕೊಂಡ್ರು."

"ತಾಯಿ, ಈಗ ಆರಿಸ್ಬುಡಿ. ಅವಳ ಪಾಠ ನಿಂತೋಗಿದೆ."

"ಮಂಗಳಾರತಿಗೆ ಮುಂಚೆ ಆರಿಸೋದಾ? ಅವಳಿಗೇ ಒಳ್ಳೇದಲ್ಲ ಭಾಗ್ಯಕ್ಕ."

ಈಶ್ವರನಿಗೂ ಇಂಟರ್‌ನೆಟ್ಟಿಗೂ ಇರುವ ಸಂಬಂಧವನ್ನು ಮೂರನೇ ಕ್ಲಾಸಿನ ವಿದ್ಯೆಯಲ್ಲಿ ವಿವರಿಸುವುದು ಸುಲಭವಲ್ಲ. ಕೊನೆಗೆ ಪುಟ್ಟಲಿಂಗಮ್ಮ ಫೋನನ್ನು ಕಣ್ಣಿಗೊತ್ತಿಕೊಂಡು ಆರಿಸಿದರು. ಮಾಲಾ ಆರಿಸಿದಳು. ಮೇಷ್ಟರು ಆರಿಸುವುದು ಹೇಗೆಂದು ಗೊತ್ತಿಲ್ಲದೆ ಫೋನನ್ನು ದಿಂಬಿನಡಿ ಇಟ್ಟರು. ನಾನು ಏದುಸಿರು ಬಿಡುತ್ತ ಮನೆ ಸೇರುವ ಹೊತ್ತಿಗೆ ಮಂಜುಶ್ರೀ ಲ್ಯಾಪ್‌ಟಾಪ್ ಮುಚ್ಚಿದ್ದಳು.

"ಸ್ಕ್ರೀನಲ್ಲಿ ನನ್ನ ಬಾಯಿ ತೆರೆದಿದ್ದು ತೆರೆದಂಗೇ ನಿಂತೋಯ್ತಂತೆ ಅತ್ತೆ. ಪಾಠ ಒಂದಕ್ಷರ ಕೇಳಿಸ್ಲಿಲ್ವಂತೆ. ತಿಳಿಸ್ತೀವಿ ಅಂದ್ರು." (ಇವತ್ತಿಗೂ ತಿಳಿಸಿಲ್ಲ.)

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಸೀರೆಯ ಸೆರಗು ಸರಿಮಾಡಿಕೊಂಡು, ದೇವರಿಗಾದರೂ ಹೇಳಿಬರೋಣ ಎನ್ನುವಂತೆ ದೇವರಮನೆಯ ಕಡೆ ನಡೆದಳು. ಬೇಡಮ್ಮ ಎನ್ನುವಷ್ಟರಲ್ಲಿ ಬಾಗಿಲು ತಳ್ಳಿಯಾಗಿತ್ತು.

ದೀಪದ ಪಕ್ಕದಲ್ಲಿ ನನ್ನ ಫೋನು. ಅದರೊಳಗೆ ಲಿಂಗದ ಮೇಲಿಂದ ಹಾಲು ಇಳಿಯುತ್ತಿತ್ತು. ಒಂದು ಹನಿಯೂ ನಡುವೆ ನಿಲ್ಲದೆ, ಕೈ ಚಾಚಿದರೆ ತೀರ್ಥ ಸಿಗುವಷ್ಟು ಸ್ಪಷ್ಟವಾಗಿ.

ಮಂಜುಶ್ರೀ ಅದನ್ನೇ ನೋಡಿದಳು. "ಎಷ್ಟು ಚೆನ್ನಾಗಿ ಬರ್ತಿದೆ ಅಲ್ವಾ ಅತ್ತೆ," ಎಂದಳು.

ಅಷ್ಟರಲ್ಲಿ ಮಂಗಳಾರತಿ ಶುರುವಾಯಿತು. ಅವಳು ಏನು ತಾನೆ ಮಾಡಿಯಾಳು, ಕೈ ಮುಗಿದಳು. ನಾನೂ ಅವಳ ಹಿಂದೆ ನಿಂತು ಕೈ ಮುಗಿದೆ. ಏನು ಬೇಡಿಕೊಳ್ಳಬೇಕೆಂದು ಮಾತ್ರ ತಿಳಿಯಲಿಲ್ಲ.