ಹಿಮರಾಯರ ಬಣ್ಣದ ಬಗ್ಗೆ ಆನವಟ್ಟಿಯಿಂದ ಒಂದು ಫಿರ್ಯಾದು

ಗಿರಿಶಿಖರನಿವಾಸಿಗಳೂ, ಸೂರ್ಯಕಿರಣಭೀರುಗಳೂ, ಮೈ ಕರಗಿದರೂ ಕೀರ್ತಿ ಕರಗದ ಮಹಾನುಭಾವರೂ ಆದ ಮಾನ್ಯ ಹಿಮರಾಯರೇ,

ಸೊರಬ ತಾಲ್ಲೂಕು ಆನವಟ್ಟಿಯಲ್ಲಿ ನಾಟಕದ ಪರದೆ ಬರೆಯುವ ಮಹೇಶ್ವರಪ್ಪನು ಮೂರು ಸಲ ಗಂಟೆ ಬಾರಿಸಿ, ಸಾಂಬ್ರಾಣಿ ಹೊಗೆ ಹಾಕಿ, ರಂಗದ ಮುಂದೆ ಬಂದು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮ ನಮ್ಮ ಮುಖಾಮುಖಿ ಆಗಿಲ್ಲ. ಶಿಕಾರಿಪುರ ಬಸ್ ಸ್ಟ್ಯಾಂಡಿನೆದುರು ಐಸ್‌ಕ್ರೀಮ್ ಡಬ್ಬಿಯ ಒಳಗೋಡೆಗೆ ಅಂಟಿಕೊಂಡಿರುವವರು ತಮ್ಮ ದೂರದ ಸಂಬಂಧಿಕರೆಂದು ಕೇಳಿಬಲ್ಲೆ. ಧನುರ್ಮಾಸದ ಬೆಳಿಗ್ಗೆ ನಮ್ಮನೆ ಕೊಬ್ಬರಿ ಎಣ್ಣೆ ಶೀಸೆಯೊಳಗೆ ಗಟ್ಟಿಯಾಗಿ ಕೂತು, ಎಷ್ಟು ಬಡಿದರೂ ಹೊರಗೆ ಬರದೆ ಹಟ ಹಿಡಿಯುವುದನ್ನು ಕಂಡು ತಮ್ಮ ಸ್ವಭಾವವನ್ನೂ ಒಂದಿಷ್ಟು ಊಹಿಸಿದ್ದೇನೆ. ಇಷ್ಟು ಬಿಟ್ಟರೆ ಹಿಮದ ವಿಷಯದಲ್ಲಿ ನಾನು ಹಸುಗೂಸು. ಆದರೂ ಎರಡು ವರ್ಷದಿಂದ ನನ್ನ ಹೊಟ್ಟೆಪಾಡು ತಮ್ಮ ಬೆನ್ನ ಮೇಲೆಯೇ ನಡೆದಿದೆ.

ಅದು ಹೇಗೆಂದರೆ, ಬಳ್ಳಿಗಾವಿಯ ಗುಡಿ ನೋಡಿಕೊಂಡು ಹೊರಟಿದ್ದ ಪರದೇಶದ ಹೆಣ್ಣುಮಗಳೊಬ್ಬರು ನಮ್ಮೂರಲ್ಲಿ ಚಹಾಕ್ಕೆ ನಿಂತಾಗ, ಬಿಸಿಲಿಗೆ ಹರಡಿದ್ದ ನನ್ನ ಕೈಲಾಸದ ಪರದೆ ಅವರ ಕಣ್ಣಿಗೆ ಬಿತ್ತು. ಜನ ಕಾಲಿಗೆ ಬಿಗಿದುಕೊಂಡು ತಮ್ಮ ಮೇಲೆ ಜರ್ರನೆ ಜಾರುವ ಸ್ನೋಬೋರ್ಡ್ ಎಂಬ ಹಲಗೆಗಳನ್ನು ಮಾಡುವ ಕಂಪನಿಯಲ್ಲಿ ಅವರು ಕಲಾ ವಿಭಾಗದ ಮುಖ್ಯಸ್ಥೆಯಂತೆ. ಅಂದಿನಿಂದ ನಾನು ಬಿಡಿಸುವುದು, ಮಗಳು ಸ್ಪಂದನ ಫೋಟೊ ಹಿಡಿದು ಕಳಿಸುವುದು, ಅವರು ಹಲಗೆಯ ತಳಕ್ಕೆ ಅಚ್ಚು ಹಾಕುವುದು. ತಳಕ್ಕೇ ಏಕೆ ತಾಯಿ ಎಂದು ಮಗಳ ಕೈಲಿ ಕೇಳಿಸಿದೆ. ಮೇಲೆ ಬೂಟುಗಾಲು ಇರುತ್ತದೆ, ಚಿತ್ರ ಕಾಣುವುದು ಮನುಷ್ಯ ಹಾರಿದಾಗ ಇಲ್ಲವೇ ಬಿದ್ದಾಗ ಎಂದು ಉತ್ತರ ಬಂತು. ನಾಟಕದಲ್ಲಿ ಪರದೆ ಏಳುವುದನ್ನು ಜನ ಕಾಯುತ್ತಾರೆ. ಇಲ್ಲಿ ಜನ ಬೀಳುವುದನ್ನು ನಾನು ಕಾಯಬೇಕು. ಆಗಲಿ ಎಂದೆ. ಹುಲಿ ಬರೆದೆ, ನವಿಲು ಬರೆದೆ, ತಮ್ಮ ಕೃಪೆಯಿಂದ ಜನ ಧಾರಾಳವಾಗಿ ಬಿದ್ದರು, ಎಲ್ಲವೂ ಸುಖವಾಗಿತ್ತು.

ಈ ವರ್ಷ ಆ ಕೈಲಾಸವನ್ನೇ ಹಲಗೆಗೆ ಇಳಿಸಿ ಎಂದರು. ನಾನು ಕುಂಚ ತೊಳೆದಿಟ್ಟು ಮೊದಲು ಕೈಮುಗಿದೆ. ಏಕೆಂದರೆ ಆ ಪರ್ವತ ನನ್ನದಲ್ಲ, ನನಗೆ ಕುಂಚ ಹಿಡಿಸಿದ ತೊಗರ್ಸಿಯ ರಾಮಪ್ಪ ಮೇಷ್ಟ್ರದು. ಅವರು ತೀರಿಕೊಂಡು ಆರು ವರ್ಷವಾಯಿತು. ನಾನು ಮೊದಲ ಸಲ ಪರ್ವತಕ್ಕೆ ಬಿಳಿ ಬಳಿದಾಗ, “ಇದು ಕೈಲಾಸ ಅಲ್ಲಲೇ, ಒಣಗಾಕಿದ ಪಂಚೆ. ನೆರಳಿಗೆ ನೀಲಿ ಹಚ್ಚು, ನೆತ್ತಿಗೆ ತಿಳಿಗೆಂಪು ಹಚ್ಚು, ಆಗ ನೋಡು ಶಿವ ಬಂದು ಕೂರ್ತಾನೆ” ಎಂದು ಕುಂಚದ ಹಿಡಿಯಿಂದ ತಲೆಗೆ ಕುಟ್ಟಿದ್ದರು. ಅವರೂ ತಮ್ಮನ್ನು ಕಂಡವರಲ್ಲ. ಹಾವೇರಿ ದಾಟಿ ಹೋದವರೇ ಅಲ್ಲ. ಆ ಮೇಷ್ಟ್ರ ನೀಲಿ ಪರ್ವತ ಒಮ್ಮೆ ನಿಜವಾದ ಪರ್ವತದ ಮೇಲೆ ಇಳಿಯಬೇಕೆಂದು ಎರಡು ತಿಂಗಳು ಕೂತು ಬರೆದೆ. ಪರದೆ ಬರೆಯುವವರ ಪದ್ಧತಿ ಬಿಡಲಾಗದೆ ಕೆಳಗಿನ ಮೂಲೆಯಲ್ಲಿ “ಕಲೆ: ಮಹೇಶ್ವರಪ್ಪ, ಆನವಟ್ಟಿ. ನಾಟಕದ ಪರದೆಗಳು ಬಾಡಿಗೆಗೆ ದೊರೆಯುತ್ತವೆ” ಎಂದು ಸುತ್ತಿ ಸುತ್ತಿ ಬರೆದು, ಪಕ್ಕದಲ್ಲಿ ಕನ್ನಡ ಅಂಕಿಯಲ್ಲಿ ಫೋನ್ ನಂಬರನ್ನೂ ಕೂರಿಸಿದೆ.

ಕಂಪನಿಯ ಮಾರಾಟ ವಿಭಾಗದವರ ಉತ್ತರವನ್ನು ಸ್ಪಂದನ ಓದಿ ಹೇಳಿದಳು. ಒಂದು: ಹಿಮ ನೀಲಿಯಾಗಿಯೂ ಕೆಂಪಾಗಿಯೂ ಇರುವುದಿಲ್ಲ, ಬಿಳಿಯಾಗಿರುತ್ತದೆ, ತಾವು ಹಿಮವನ್ನು ನೋಡಿದವರಲ್ಲವೆಂದು ತಿಳಿಯುತ್ತದೆ, ತಿಂಗಳ ಕೊನೆಯೊಳಗೆ ತಿದ್ದಿ ಕಳಿಸದಿದ್ದರೆ ಪರ್ವತವನ್ನು ಕೈಬಿಡಲಾಗುವುದು. ಎರಡು: ಮೂಲೆಯಲ್ಲಿರುವ ಬಳ್ಳಿಯಂಥ ಅಲಂಕಾರ ನಮ್ಮನ್ನು ಮೂಕರನ್ನಾಗಿಸಿದೆ, ಸದ್ಯಕ್ಕೆ ಅದನ್ನಷ್ಟೇ ದೊಡ್ಡದು ಮಾಡಿ ಆರು ಹಲಗೆಗೆ ಅಚ್ಚು ಹಾಕಿ ಪರೀಕ್ಷೆಗೆ ಬಿಟ್ಟಿದ್ದೇವೆ. ನನ್ನ ಹೆಂಡತಿ ನಾಗವೇಣಿ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, “ಅಲ್ರೀ, ಎರಡು ತಿಂಗಳು ಬೆನ್ನು ಬಗ್ಗಿಸಿ ಪರ್ವತ ಬರದ್ರಿ, ಅವರಿಗೆ ಹಿಡಿಸಿದ್ದು ನಿಮ್ಮ ಫೋನ್ ನಂಬರ್ರಾ?” ಎಂದಳು. ಇಷ್ಟು ಚೆನ್ನಾಗಿ ನಾಟಕದ ಮಾತು ಬರೆಯುವವರು ಈಗ ಎಲ್ಲಿದ್ದಾರೆ?

ಬಿಳಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದೆ. ಮೇಷ್ಟ್ರು ನೆನಪಾದರು, ಮುಚ್ಚಿದೆ. ಮತ್ತೆ ತೆಗೆದೆ. ಹೀಗೆ ನಾಲ್ಕು ದಿನ ತೆಗೆದು ಮುಚ್ಚಿ ಮಾಡುತ್ತಿರುವಾಗ, ಐದನೆಯ ದಿನ ಒಂದು ಉದ್ದದ ನಂಬರಿನಿಂದ ಕರೆ ಬಂತು. ತಮ್ಮ ರಾಜ್ಯದ ಒಂದು ಹೋಟೆಲಿನಲ್ಲಿ ಅಡುಗೆ ಮಾಡುವ, ನಮ್ಮ ಶಿಕಾರಿಪುರದ ಹುಡುಗ ಅರುಣ. “ಅಣ್ಣಾ, ಕಿಟಕ್ಯಾಗ ನೋಡ್ತೀನಿ, ಒಬ್ಬ ಮನುಷ್ಯ ಅಂಗಾತ ಬಿದ್ದಾನೆ, ಕಾಲು ಮೇಲಕ್ಕೆ, ಹಲಗೆ ತುಂಬ ಕನ್ನಡ, ಪಕ್ಕದಾಗ ನಿಮ್ಮ ನಂಬರು! ಆನವಟ್ಟಿಲಿ ಪರದೆ ಬಾಡಿಗೆಗೆ ಸಿಗ್ತಾವೆ ಅಂತ ಇಲ್ಲಿ ಬಿದ್ದವ್ರಿಗೆ ಯಾಕ್ರೀ ಹೇಳ್ತಿದೀರಿ?” ಎಂದು ಕೇಳಿದ. ಅದು ಹಾಗಿರಲಿ, ಹೊರಗೆ ಹೋಗಿ ಹಿಮದ ಬಣ್ಣ ಯಾವುದೆಂದು ನೋಡಿ ಹೇಳಪ್ಪಾ ಎಂದೆ. ಅಲ್ಲಿ ಸಂಜೆಯಂತೆ. ಬಾಗಿಲು ತೆಗೆದ ಸದ್ದಾಯಿತು, ಆಮೇಲೆ ಗಾಳಿಯ ಸದ್ದು. “ಅಣ್ಣಾ… ನೆರಳೆಲ್ಲ ನೀಲಿ ಐತ್ರೀ. ತುದಿ ಕೆಂಪಗೈತಿ. ಮೂರು ವರ್ಷದಿಂದ ಇಲ್ಲೇ ಇದೀನಿ, ಇವತ್ತೇ ನೋಡಿದ್ದು.”

ಅವನು ಕಳಿಸಿದ ಫೋಟೊವನ್ನು ಹಳೆಯ ಪರದೆಯ ಪಕ್ಕ ಹಿಡಿದು ನೋಡಿದೆವು. ನಾಗವೇಣಿ ಬೆರಳಿಟ್ಟು ನೀಲಿಗೆ ನೀಲಿ, ಕೆಂಪಿಗೆ ಕೆಂಪು ತಾಳೆ ನೋಡಿದಳು. ಶಿವನೊಬ್ಬ ಬಂದು ಕೂರುವುದು ಬಾಕಿ ಇತ್ತು.

ಮಾನ್ಯರೇ, ಫೋಟೊವನ್ನು ಕಂಪನಿಗೆ ಕಳಿಸಿದ್ದಾಗಿದೆ. ಆದರೂ ಸಾಕ್ಷಿ ಗಟ್ಟಿಯಿರಲೆಂದು ತಮ್ಮಲ್ಲಿ ಎರಡು ಸಣ್ಣ ಬಿನ್ನಹ. ತಾವು ನೀಲಿಯೂ ಹೌದು, ತಿಳಿಗೆಂಪೂ ಹೌದು ಎಂದು ನಾಡಕಚೇರಿಯವರು ಒಪ್ಪುವಂಥ ದೃಢೀಕರಣ ಪತ್ರವೊಂದನ್ನು, ಕರಗದ ಶಾಯಿಯಲ್ಲಿ, ದಯಪಾಲಿಸಬೇಕು. ಬಿಡುವಾದರೆ ಖುದ್ದಾಗಿ ಆನವಟ್ಟಿಗೆ ಚಿತ್ತೈಸಬೇಕು. ಶಿಕಾರಿಪುರದಿಂದ ಬಸ್ಸಿದೆ, ಕಿಟಕಿ ಪಕ್ಕದ ಸೀಟು ಬೇಡ, ಬಿಸಿಲು ಹೊಡೆಯುತ್ತದೆ. ತೊಗರ್ಸಿಗೂ ಹೋಗಿ ಮೇಷ್ಟ್ರ ಮನೆಯ ಹಂಚಿನ ಮೇಲೆ ಒಂದು ಸಂಜೆ ಮಟ್ಟಿಗೆ ಕೂತು ಬಂದರೆ ನನ್ನ ಗುರುಋಣ ತೀರುತ್ತದೆ.

ಇದುವರೆಗೆ ತಮ್ಮನ್ನು ಕಾಣದೆಯೂ ತಮ್ಮ ಬಣ್ಣ ತಪ್ಪದ,
ತಮ್ಮ ವಿಶ್ವಾಸಿ,
ಮಹೇಶ್ವರಪ್ಪ, ಪರದೆ ಕಲಾವಿದ, ಆನವಟ್ಟಿ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಕಂಪನಿಯ ಉತ್ತರ ಬಂತು. ಫೋಟೊ ಬಹಳ ಸುಂದರವಾಗಿದೆಯಂತೆ, ಆದರೆ ಅದರಲ್ಲಿರುವುದು ಹಿಮದ ಹಾಗೆ ಕಾಣುವುದಿಲ್ಲವಂತೆ, ಗಿರಾಕಿಗಳು ನಂಬುವುದಿಲ್ಲವಂತೆ. ನಾನಂತೂ ಬಿಳಿ ಡಬ್ಬಿಯನ್ನು ಸುಣ್ಣ ಹೊಡೆಯುವವರಿಗೆ ಕೊಟ್ಟುಬಿಟ್ಟೆ. ಮೇಷ್ಟ್ರ ಪರ್ವತ ತಿದ್ದುವವನಲ್ಲ. ಆದ ಕಾರಣ ತಿಂಗಳ ಕೊನೆಯೊಳಗೆ ತಾವೇ ತಮ್ಮನ್ನು ತಿದ್ದಿಕೊಳ್ಳತಕ್ಕದ್ದು. ಅದೂ ಆಗದೆ, ಹಿಮದಂತೆ ಕಾಣುವುದಿಲ್ಲವೆಂದು ಕಂಪನಿಯವರು ತಮ್ಮನ್ನೂ ಕೈಬಿಟ್ಟರೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲೊಂದು ಕೈಲಾಸವಿದೆ. ಬಾಡಿಗೆಗೆ ದೊರೆಯುತ್ತದೆ.